ಎರಡನೇ ಸಲ ಆ ಲೋಕಕ್ಕೆ ಹೋದಾಗ: ಮಕ್ಕಳ ಕಾದಂಬರಿಯ ಫ್ಯಾಂಟಸಿ ಸೀಕ್ವೆಲ್ ಅನ್ನು ತೂಗಿ ನೋಡುವ ಬಗೆ

ಮಕ್ಕಳ ಕಾದಂಬರಿಯೊಂದು ಸಿನಿಮಾ ಆಗಿ ಗೆದ್ದರೆ ಮುಂದಿನ ಭಾಗವನ್ನು ಎಲ್ಲರೂ ಕಾಯತೊಡಗುತ್ತಾರೆ. ಅದು ಬಂದು, ನೋಡಿ ಹೊರಬಂದವರ ಬಾಯಲ್ಲಿ ಹೆಚ್ಚಾಗಿ ಎರಡೇ ಮಾತು: ‘ಪುಸ್ತಕದಲ್ಲಿ ಹೀಗಿರಲಿಲ್ಲ’, ಇಲ್ಲವೇ ‘ಮೊದಲನೆಯದರಷ್ಟು ಹಿಡಿಸಲಿಲ್ಲ’. ಎರಡೂ ನಿಜವೇ ಇರಬಹುದು. ಆದರೆ ಕೇಳಿದವರಿಗೆ ಸಿನಿಮಾ ಹೇಗಿದೆ ಎಂಬುದು ಮಾತ್ರ ಗೊತ್ತಾಗುವುದಿಲ್ಲ. ಪುಸ್ತಕದ ದಾರಿ ಬಿಟ್ಟೂ ಚೆನ್ನಾಗಿ ಬಂದ ಸಿನಿಮಾಗಳಿವೆ, ಪುಟಪುಟವನ್ನೂ ಹಿಂಬಾಲಿಸಿ ಜೀವ ಕಳೆದುಕೊಂಡವೂ ಇವೆ.

ಸೀಕ್ವೆಲ್‌ನ ಕಷ್ಟವೇ ಬೇರೆ. ಮೊದಲ ಸಿನಿಮಾಕ್ಕೆ ಅಚ್ಚರಿಯ ಆಸರೆ ಇರುತ್ತದೆ. ಮಾತಾಡುವ ಪ್ರಾಣಿಯನ್ನು, ಬಟ್ಟೆಯ ಬೀರುವಿನಾಚೆಗಿನ ಹಿಮದ ಕಾಡನ್ನು ಮೊದಲ ಸಲ ಕಂಡಾಗ ಕಥೆಯ ಎಷ್ಟೋ ಕೊರತೆಗಳನ್ನು ನಾವು ಮನ್ನಿಸಿಬಿಡುತ್ತೇವೆ. ಎರಡನೇ ಸಲ ಆ ರಿಯಾಯಿತಿ ಸಿಗುವುದಿಲ್ಲ. ಲೋಕ ಗೊತ್ತು, ಮುಖಗಳು ಗೊತ್ತು, ಮಂತ್ರ ಹೇಗೆ ಕೆಲಸ ಮಾಡುತ್ತದೆ ಅನ್ನುವುದೂ ಗೊತ್ತು. ಹಾಗಿರುವಾಗ ಸಿನಿಮಾ ಒಂದು ಪ್ರಶ್ನೆಗೆ ಉತ್ತರ ಕೊಡಲೇಬೇಕು: ಇಲ್ಲಿಗೆ ಮತ್ತೆ ಯಾಕೆ ಬಂದೆವು? ಸೀಕ್ವೆಲ್ ಗೆಲ್ಲುವುದೂ ಸೋಲುವುದೂ ಇಲ್ಲೇ ಎಂದು ನಾನು ನಂಬಿದ್ದೇನೆ. ಕೆಳಗಿನ ಹಂತಗಳೆಲ್ಲ ಈ ಪ್ರಶ್ನೆಯನ್ನು ಸರಿಯಾಗಿ ಕೇಳಲು ಮಾಡಿಕೊಳ್ಳುವ ತಯಾರಿ.

ಮುಖ್ಯ ಉದಾಹರಣೆಯಾಗಿ ನಾರ್ನಿಯಾ ಎಂಬ ಮಾಯಾಲೋಕದ ಸರಣಿಯ ಎರಡನೇ ಸಿನಿಮಾ ‘ಪ್ರಿನ್ಸ್ ಕ್ಯಾಸ್ಪಿಯನ್’ ಅನ್ನು ಇಟ್ಟುಕೊಂಡಿದ್ದೇನೆ. ಸಿ. ಎಸ್. ಲೂಯಿಸ್ ಅವರ ಪುಸ್ತಕ 1951ರದ್ದು, ಆಂಡ್ರ್ಯೂ ಆಡಮ್ಸನ್ ನಿರ್ದೇಶನದ ಸಿನಿಮಾ 2008ರದ್ದು. ಒಳ್ಳೆಯ ನಿರ್ಧಾರಗಳೂ ತಪ್ಪು ನಿರ್ಧಾರಗಳೂ ಒಂದೇ ಸಿನಿಮಾದಲ್ಲಿ ಅಕ್ಕಪಕ್ಕ ಸಿಗುವುದರಿಂದ ಕಲಿಯಲು ಇದು ತುಂಬಾ ಅನುಕೂಲ. ಕಥೆಯ ತಿರುವುಗಳು ಮುಂದೆ ಬರುತ್ತವೆ, ಓದದವರು ಗಮನದಲ್ಲಿಟ್ಟುಕೊಳ್ಳಿ.

ನೋಡುವ ಮೊದಲು

ಪುಸ್ತಕ ಓದಿ, ಆದರೆ ಸಿನಿಮಾಕ್ಕೆ ಹೋಗುವ ಹಿಂದಿನ ರಾತ್ರಿ ಬೇಡ. ಎರಡು ಮೂರು ವಾರ ಮುಂಚೆಯೇ ಮುಗಿಸಿಡಿ. ನಿನ್ನೆ ತಾನೇ ಓದಿದ ಸಾಲುಗಳು ತಲೆಯಲ್ಲಿದ್ದರೆ ಪರದೆಯ ಮೇಲೆ ವ್ಯತ್ಯಾಸ ಬಿಟ್ಟು ಬೇರೇನೂ ಕಾಣುವುದಿಲ್ಲ. ಸಣ್ಣಪುಟ್ಟ ವಿವರಗಳು ಮರೆತ ಮೇಲೆ ಮನಸ್ಸಿನಲ್ಲಿ ಉಳಿಯುವುದು ಪುಸ್ತಕದ ತಿರುಳು, ಹೋಲಿಸಬೇಕಾದದ್ದು ಅದರ ಜೊತೆ.

ಸಿನಿಮಾಕ್ಕೆ ಹೊರಡುವ ದಿನ ಪುಸ್ತಕ ತೆರೆಯದೆ ಒಂದು ಹಾಳೆಯಲ್ಲಿ ಎರಡು ಸಂಗತಿ ಬರೆದುಕೊಳ್ಳಿ. ತಾನಾಗಿ ನೆನಪಿಗೆ ಬರುವ ನಾಲ್ಕೈದು ಸನ್ನಿವೇಶ ಒಂದು. ಆಮೇಲೆ ಒಂದೇ ವಾಕ್ಯದಲ್ಲಿ, ಈ ಪುಸ್ತಕದಲ್ಲಿ ಮಕ್ಕಳು ಎದುರಿಸುವ ನಿಜವಾದ ಪರೀಕ್ಷೆ ಯಾವುದು ಎಂದು. ಯುದ್ಧ, ಖಳನಾಯಕ, ಕಳೆದುಹೋದ ಕಿರೀಟ ಇವೆಲ್ಲ ಹೊರಗಿನ ಕಥೆ. ‘ಪ್ರಿನ್ಸ್ ಕ್ಯಾಸ್ಪಿಯನ್’ಗೆ ನಾನು ಬರೆಯುವ ವಾಕ್ಯ ಹೀಗಿರುತ್ತದೆ: ಒಂದು ಕಾಲಕ್ಕೆ ಆ ನಾಡನ್ನು ಆಳಿದ ನಾಲ್ವರು ಮಕ್ಕಳು, ತಮ್ಮನ್ನು ಬರೀ ಕಟ್ಟುಕಥೆ ಎಂದುಕೊಂಡಿರುವ ನಾಡಿಗೆ ಮರಳಿ, ಕಣ್ಣಿಗೆ ಬೀಳದ ಒಬ್ಬನನ್ನು, ಸಿಂಹರೂಪದ ಅಸ್ಲಾನ್‌ನನ್ನು, ನಂಬಿ ನಡೆಯಬೇಕಾಗುತ್ತದೆ. ಸಿನಿಮಾದ ಪ್ರತಿ ನಿರ್ಧಾರವನ್ನೂ ಈ ವಾಕ್ಯದ ಪಕ್ಕದಲ್ಲಿಟ್ಟು ನೋಡಬಹುದು.

ಮೊದಲ ಸಿನಿಮಾವನ್ನು ಪೂರ್ತಿ ಮತ್ತೆ ನೋಡುವ ಅಗತ್ಯ ಇಲ್ಲ. ಕೊನೆಯ ಇಪ್ಪತ್ತು ನಿಮಿಷ ಸಾಕು. ಯಾರು ಯಾವ ಮನಸ್ಥಿತಿಯಲ್ಲಿ ಆ ಲೋಕ ಬಿಟ್ಟು ಬಂದರು, ಯಾವ ಮಾತು ಅರ್ಧಕ್ಕೆ ನಿಂತಿತು ಎಂಬುದನ್ನು ನೆನಪಿಗೆ ತಂದುಕೊಳ್ಳಿ. ನಿಮ್ಮ ಜೊತೆ ಮೊದಲ ಭಾಗ ನೋಡಿರದ ಮಗು ಬರುತ್ತಿದ್ದರೆ ಕಥೆಯನ್ನು ಮುಂಚಿತವಾಗಿ ಹೇಳಿಕೊಡಬೇಡಿ. ಎರಡನೇ ಸಿನಿಮಾ ತನ್ನ ಕಾಲ ಮೇಲೆ ನಿಲ್ಲುತ್ತದೆಯೋ ಇಲ್ಲವೋ ಅನ್ನುವುದನ್ನು ಆ ಮಗುವಿಗಿಂತ ಚೆನ್ನಾಗಿ ಯಾರೂ ಹೇಳಲಾರರು. ಟ್ರೇಲರ್‌ಗಳನ್ನೂ ಬಿಟ್ಟುಬಿಡಿ. ಅವುಗಳಲ್ಲಿ ಯುದ್ಧವೇ ತುಂಬಿಕೊಂಡಿರುತ್ತದೆ, ಇಡೀ ಸಿನಿಮಾ ಹಾಗೇ ಎಂಬ ಎಣಿಕೆ ಕೂತುಬಿಡುತ್ತದೆ.

ಮತ್ತೆ ಒಳಗೆ ಹೋಗುವ ಗಳಿಗೆ

ಮೊದಲ ಹದಿನೈದು ನಿಮಿಷವನ್ನು ಇಡೀ ಗಮನ ಕೊಟ್ಟು ನೋಡಿ. ಸೋಮಾರಿ ಸೀಕ್ವೆಲ್ ಈ ಹೊತ್ತಿನಲ್ಲೇ ಸಿಕ್ಕಿಬೀಳುತ್ತದೆ. ಹಿಂದಿನ ಕಥೆಯನ್ನು ಹಿನ್ನೆಲೆ ದನಿಯಲ್ಲಿ ಓದಿಸುತ್ತದೆ, ಹಳೆಯ ಪಾತ್ರಗಳನ್ನು ಒಬ್ಬೊಬ್ಬರಾಗಿ ತಂದು ಅವರವರ ಹಳೆಯ ತಮಾಷೆಯನ್ನೇ ಮಾಡಿಸುತ್ತದೆ. ಒಳ್ಳೆಯ ಸೀಕ್ವೆಲ್ ಬದಲಾದದ್ದು ಏನು ಎಂಬುದನ್ನು ಮೊದಲು ತೋರಿಸುತ್ತದೆ.

ಪುಸ್ತಕದಲ್ಲಿ ನಾಲ್ವರು ಮಕ್ಕಳು ಶಾಲೆಗೆ ಮರಳಲು ರೈಲಿಗಾಗಿ ಸ್ಟೇಷನ್ನಿನಲ್ಲಿ ಕೂತಿರುತ್ತಾರೆ, ಅಲ್ಲಿಂದ ಯಾರೋ ಜಗ್ಗಿದಂತಾಗಿ ನಾರ್ನಿಯಾಕ್ಕೆ ಬಂದು ಬೀಳುತ್ತಾರೆ. ಸಿನಿಮಾ ಅದೇ ಸ್ಟೇಷನ್ನನ್ನು ಲಂಡನ್ನಿಗೆ ತಂದು, ಹಿರಿಯ ಹುಡುಗ ಪೀಟರ್‌ನನ್ನು ಬೇರೆ ಹುಡುಗರ ಜೊತೆ ಹೊಡೆದಾಟಕ್ಕೆ ಇಳಿಸುತ್ತದೆ. ಪುಸ್ತಕದಲ್ಲಿ ಇಲ್ಲದ ಜಗಳ ಇದು. ಆದರೂ ನನಗೆ ತುಂಬಾ ಸರಿ ಅನ್ನಿಸುತ್ತದೆ. ಮಹಾರಾಜನಾಗಿ ಬದುಕಿದವನು ಮತ್ತೆ ಶಾಲಾ ಹುಡುಗನಾಗಿ ಯೂನಿಫಾರ್ಮ್ ತೊಟ್ಟು ದೊಡ್ಡವರ ಮಾತು ಕೇಳಬೇಕಾದರೆ ಹೇಗಿರುತ್ತದೆ? ಒಂದು ನಿಮಿಷದ ಜಗಳದಲ್ಲಿ ಅದು ಗೊತ್ತಾಗುತ್ತದೆ. ಯಾಕೆ ಮರಳಬೇಕು ಅನ್ನುವುದಕ್ಕೆ ಪೀಟರ್‌ನ ಮಟ್ಟಿಗೆ ಉತ್ತರವೂ ಸಿಗುತ್ತದೆ: ಕಳೆದುಕೊಂಡ ದೊಡ್ಡಸ್ತಿಕೆ ಅವನಿಗೆ ವಾಪಸ್ ಬೇಕು.

ಇದರ ಬೆನ್ನಿಗೇ ಬರುವ ಪಾಳು ಕೋಟೆಯ ಸನ್ನಿವೇಶವನ್ನು ಹೋಲಿಸಿ ನೋಡಿದರೆ ಮತ್ತೊಂದು ಪಾಠ ಸಿಗುತ್ತದೆ. ಪುಸ್ತಕದಲ್ಲಿ ಮಕ್ಕಳಿಗೆ ತಾವು ಎಲ್ಲಿದ್ದೇವೆ ಎಂಬುದೇ ತಿಳಿಯುವುದಿಲ್ಲ, ಓದುವ ನಮಗೂ ತಿಳಿಯುವುದಿಲ್ಲ. ಕಾಡು ಬೆಳೆದು ಮುಚ್ಚಿದ ಗೋಡೆಗಳು, ಕಾಡಾಗಿಹೋದ ಸೇಬಿನ ತೋಟ, ಒಂದು ಬಾವಿ. ಬಾವಿಯ ಹತ್ತಿರ ಚಿನ್ನದ ಚದುರಂಗದ ಕುದುರೆಯೊಂದು ಸಿಗುತ್ತದೆ. ರಾತ್ರಿ ಬೆಂಕಿಯ ಸುತ್ತ ಕೂತು ಪೀಟರ್ ಒಂದೊಂದೇ ಗುರುತನ್ನು ಜೋಡಿಸುತ್ತಾ ಹೋಗುತ್ತಾನೆ. ಇದು ನಮ್ಮದೇ ಕೋಟೆಯಾಗಿದ್ದರೆ ಆ ಬಳ್ಳಿಗಳ ಹಿಂದೆ ಖಜಾನೆಯ ಬಾಗಿಲು ಇರಲೇಬೇಕು ಎನ್ನುತ್ತಾನೆ. ಬಳ್ಳಿ ಕಿತ್ತರೆ ಬಾಗಿಲು ಇರುತ್ತದೆ. ತಾವು ಬಿಟ್ಟುಹೋದದ್ದು ಒಂದು ವರ್ಷದ ಹಿಂದೆ, ಇಲ್ಲಿ ನೂರಾರು ವರ್ಷ ಉರುಳಿವೆ ಎಂದು ಅರಿವಾಗುವಾಗ ಓದುಗನಿಗೂ ಎದೆ ಝಲ್ಲೆನ್ನುತ್ತದೆ. ಆಮೇಲಷ್ಟೇ ಟ್ರಂಪ್ಕಿನ್ ಎಂಬ ಕುಳ್ಳ ಬಂದು ರಾಜಕುಮಾರ ಕ್ಯಾಸ್ಪಿಯನ್‌ನ ಕಥೆ ಹೇಳುವುದು.

ಸಿನಿಮಾ ಈ ಕ್ರಮವನ್ನು ತಿರುಗಿಸಿತು. ಶುರುವಾಗುವುದೇ ಕ್ಯಾಸ್ಪಿಯನ್‌ನ ಕೋಟೆಯಲ್ಲಿ, ಸಿಂಹಾಸನ ಕಸಿದುಕೊಂಡ ಚಿಕ್ಕಪ್ಪನಿಂದ ಅವನು ಪ್ರಾಣ ಉಳಿಸಿಕೊಳ್ಳಲು ರಾತ್ರೋರಾತ್ರಿ ಓಡುವಲ್ಲಿ. ಹಾಗಾಗಿ ಕಥೆಗೆ ಮೊದಲ ನಿಮಿಷದಿಂದಲೇ ವೇಗ ಬಂತು. ಬದಲಿಗೆ, ನಾರ್ನಿಯಾ ಬೇರೆಯವರ ಕೈಗೆ ಹೋಗಿದೆ ಎಂದು ಮಕ್ಕಳಿಗಿಂತ ಮೊದಲು ನಮಗೇ ತಿಳಿದುಬಿಟ್ಟಿತು. ಪಾಳು ಕೋಟೆಯಲ್ಲಿ ಅವರು ಹುಡುಕಾಡುವಾಗ ನಾವು ಅವರ ಜೊತೆ ಹುಡುಕುವುದಿಲ್ಲ, ಅವರಿಗೆ ಯಾವಾಗ ಗೊತ್ತಾಗುತ್ತದೋ ಎಂದು ಕಾಯುತ್ತೇವೆ. ಕ್ಯಾಸ್ಪಿಯನ್‌ನ ಇಡೀ ಕಥೆಯನ್ನು ಫ್ಲ್ಯಾಶ್‌ಬ್ಯಾಕ್‌ನಲ್ಲಿ ಹೇಳುವುದು ಸಿನಿಮಾದಲ್ಲಿ ನಿಜಕ್ಕೂ ಕಷ್ಟ, ಆದ್ದರಿಂದ ನಿರ್ದೇಶಕರನ್ನು ದೂರುವಂತಿಲ್ಲ. ಆದರೆ ವೇಗಕ್ಕಾಗಿ ಕೊಟ್ಟ ಬೆಲೆ ಎಷ್ಟು ಎಂಬುದನ್ನು ವಿಮರ್ಶೆ ಬರೆಯುವವರು ಹೇಳಬೇಕು. ‘ಬದಲಾಯಿಸಿದ್ದಾರೆ’ ಎಂದು ಬರೆದರೆ ಅದು ದೂರು. ಬದಲಾಯಿಸಿದ್ದರಿಂದ ಬಂದದ್ದೇನು, ಹೋದದ್ದೇನು ಎಂದು ಬಿಡಿಸಿಟ್ಟರೆ ವಿಮರ್ಶೆ.

ಸಿನಿಮಾ ನಡೆಯುವಾಗ ಏನನ್ನೂ ಬರೆದುಕೊಳ್ಳದಿರುವುದೇ ಮೇಲು. ಬರೆಯಲೇಬೇಕೆನ್ನಿಸಿದರೆ ಒಂದೊಂದೇ ಪದ ಗೀಚಿಕೊಳ್ಳಿ: ‘ಬಾವಿ’, ‘ಗೇಟು’, ‘ಇಲಿಯ ಬಾಲ’. ಉಳಿದದ್ದು ಮನೆಗೆ ಬಂದ ಮೇಲೆ ನೆನಪಾಗುತ್ತದೆ. ನೆನಪಾಗದ ಸನ್ನಿವೇಶದ ಬಗ್ಗೆ ಬರೆಯುವುದಕ್ಕೂ ಹೆಚ್ಚೇನೂ ಇರುವುದಿಲ್ಲ.

ಬಿಟ್ಟದ್ದು, ಸೇರಿಸಿದ್ದು

ಬಿಟ್ಟದ್ದರ ಪಟ್ಟಿ ಮಾಡುವುದು ಸುಲಭ, ಅದರಿಂದ ಪ್ರಯೋಜನ ಕಡಿಮೆ. ಹ್ಯಾರಿ ಪಾಟರ್ ಸರಣಿಯನ್ನೇ ನೋಡಿ. ಎರಡನೇ ಪುಸ್ತಕ ತೆಳ್ಳಗಿನವುಗಳಲ್ಲಿ ಒಂದು, ಅದರ ಸಿನಿಮಾ 161 ನಿಮಿಷ, ಸರಣಿಯಲ್ಲೇ ಅತಿ ಉದ್ದ. ಐದನೆಯದು ಎಲ್ಲಕ್ಕಿಂತ ದಪ್ಪ ಪುಸ್ತಕ, ಸಿನಿಮಾ 138 ನಿಮಿಷ. ಎಷ್ಟು ಪುಟ ಬಿಟ್ಟರು ಎಂದು ಲೆಕ್ಕ ಹಾಕಿ ಇವುಗಳ ಗುಣ ಅಳೆಯಲು ಸಾಧ್ಯವಿಲ್ಲ.

ಕೇಳಬೇಕಾದ್ದು ಬೇರೆ: ಬಿಟ್ಟ ಭಾಗ ಕಥೆಯಲ್ಲಿ ಯಾವ ಭಾರ ಹೊತ್ತಿತ್ತು? ಮೂರನೇ ಸಿನಿಮಾ, 2004ರ ‘ಪ್ರಿಸನರ್ ಆಫ್ ಅಜ್ಕಬಾನ್’, ನನ್ನ ದೃಷ್ಟಿಯಲ್ಲಿ ಇಂಥ ಸೀಕ್ವೆಲ್‌ಗಳಲ್ಲಿ ಅತ್ಯುತ್ತಮವಾದುವುಗಳಲ್ಲಿ ಒಂದು. ಆದರೂ ಅದರಲ್ಲಿ ಒಂದು ತೂತು ಉಳಿದಿದೆ. ಶಾಲೆಯ ಮೂಲೆ ಮೂಲೆಯನ್ನೂ ತೋರಿಸುವ ಆ ನಕ್ಷೆಯನ್ನು ಮಾಡಿದವರು ಯಾರು ಎಂದು ಸಿನಿಮಾ ಎಲ್ಲೂ ಹೇಳುವುದಿಲ್ಲ. ಹ್ಯಾರಿಯ ಅಪ್ಪ ಮತ್ತು ಅವನ ಗೆಳೆಯರು ಎಂದು ಪುಸ್ತಕ ಹೇಳುತ್ತದೆ. ಅಪ್ಪ ಗಂಡು ಜಿಂಕೆಯ ರೂಪ ತಾಳಬಲ್ಲವನಾಗಿದ್ದ ಎಂಬುದನ್ನೂ ಹೇಳುತ್ತದೆ. ಅದು ಗೊತ್ತಿದ್ದರೆ, ಕೆರೆಯ ದಡದಲ್ಲಿ ಹ್ಯಾರಿಯ ಮಂತ್ರದಿಂದ ಬೆಳಕಿನ ಜಿಂಕೆ ಹೊಮ್ಮಿದಾಗ ಓದುಗನ ಗಂಟಲು ಕಟ್ಟುತ್ತದೆ, ಯಾಕೆಂದರೆ ಆ ಹುಡುಗನಿಗೆ ಅಪ್ಪನೇ ಆ ರೂಪದಲ್ಲಿ ಸಿಕ್ಕಂತೆ. ಪುಸ್ತಕ ಓದದವರಿಗೆ ಅದು ಚೆಂದದ ಬೆಳಕು ಮಾತ್ರ. ಎರಡು ಮೂರು ಸಾಲಿನ ಸಂಭಾಷಣೆಯಲ್ಲಿ ಮುಗಿಯುತ್ತಿದ್ದ ವಿಷಯ ಇದು. ಬಿಟ್ಟದ್ದು ಚಿಕ್ಕದು, ಅದು ಹೊತ್ತಿದ್ದ ಭಾರ ದೊಡ್ಡದು. ದೂರುವುದಾದರೆ ಇಂಥದ್ದನ್ನು ದೂರಬೇಕು.

ಅದೇ ಸಿನಿಮಾ ಪುಟಗಟ್ಟಲೆ ವಿವರಣೆಯ ಅಗತ್ಯವನ್ನೇ ಎಷ್ಟು ಜಾಣತನದಿಂದ ತಪ್ಪಿಸಿದೆ ಎಂಬುದನ್ನೂ ಗಮನಿಸಿ. ಶಾಲೆಯ ವರ್ಷ ಉರುಳುವುದನ್ನು ಅದು ಒಂದು ಮರದಿಂದ ತೋರಿಸುತ್ತದೆ. ಸಿಡುಕಿನ ಆ ಮರ ಒಮ್ಮೆ ಎಲೆ ಕೊಡವುತ್ತದೆ, ಇನ್ನೊಮ್ಮೆ ಹಿಮ ಕೊಡವುತ್ತದೆ, ಅಷ್ಟರಲ್ಲಿ ತಿಂಗಳುಗಳು ಕಳೆದಿರುತ್ತವೆ. ಪುಸ್ತಕದಲ್ಲಿ ಇದ್ದದ್ದನ್ನು ಸಿನಿಮಾದ ಭಾಷೆಯಲ್ಲಿ ಹೇಳುವುದೆಂದರೆ ಹೀಗೆ. ಇಂಥದ್ದು ಒಂದು ಸಿಕ್ಕರೂ ವಿಮರ್ಶೆಯಲ್ಲಿ ಬಿಡಿಸಿ ಬರೆಯಿರಿ.

ಸೇರಿಸಿದ್ದಕ್ಕೆ ಬೇರೊಂದು ಪರೀಕ್ಷೆ ಇದೆ: ಅದನ್ನು ಮನಸ್ಸಿನಲ್ಲೇ ತೆಗೆದುಹಾಕಿ ನೋಡಿ. ಮುಂದಿನ ಯಾವುದಾದರೂ ಸನ್ನಿವೇಶ ಕುಸಿಯುತ್ತದೆಯೇ?

‘ಪ್ರಿನ್ಸ್ ಕ್ಯಾಸ್ಪಿಯನ್’ ಸಿನಿಮಾದ ನಡುವೆ ಶತ್ರುವಿನ, ಅಂದರೆ ಆ ಚಿಕ್ಕಪ್ಪನ, ಕೋಟೆಯ ಮೇಲೆ ರಾತ್ರಿ ದಾಳಿ ನಡೆಯುತ್ತದೆ. ಪುಸ್ತಕದಲ್ಲಿ ಅದು ಇಲ್ಲವೇ ಇಲ್ಲ. ಪೀಟರ್ ಹಟಕ್ಕೆ ಬಿದ್ದು ದಾಳಿ ಮಾಡಿಸುತ್ತಾನೆ, ಲೆಕ್ಕಾಚಾರ ತಪ್ಪುತ್ತದೆ, ಕೋಟೆಯ ಗೇಟು ಕೆಳಗೆ ಬಿದ್ದು ಅವನ ಕಡೆಯವರು ಒಳಗೇ ಸಿಕ್ಕಿಕೊಳ್ಳುತ್ತಾರೆ. ಕಂಬಿಗಳ ಆಚೆಯಿಂದ ಅವರು ನೋಡುತ್ತಿರುವಾಗಲೇ ಇವನು ಹಿಂದೆ ಸರಿಯಬೇಕಾಗುತ್ತದೆ. ಈಗ ಇದನ್ನು ತೆಗೆದು ನೋಡಿ. ಪೀಟರ್‌ನ ಅಹಂಕಾರಕ್ಕೆ ಬೆಲೆ ತೆರುವ ಜಾಗವೇ ಇಲ್ಲವಾಗುತ್ತದೆ. ಕ್ಯಾಸ್ಪಿಯನ್ ಜೊತೆಗಿನ ಕಹಿ, ಸೋತವರ ಹತಾಶೆ, ಆ ಹತಾಶೆಯಲ್ಲಿ ಮೊದಲ ಭಾಗದಲ್ಲಿ ಸೋತ ಮಾಟಗಾತಿಯನ್ನೇ ಕರೆಯೋಣ ಎನ್ನುವವರ ಮಾತಿಗೆ ಬರುವ ಬಲ, ಎಲ್ಲವೂ ಸಡಿಲವಾಗುತ್ತದೆ. ಸ್ಟೇಷನ್ನಿನ ಹೊಡೆದಾಟದಲ್ಲಿ ಬಿತ್ತಿದ ಬೀಜವೇ ಇಲ್ಲಿ ಬೆಳೆದಿದೆ. ತಮ್ಮ ಬಲವನ್ನು ನಂಬಿ ನುಗ್ಗುವುದೋ, ಕಾಣದವನಿಗಾಗಿ ಕಾಯುವುದೋ ಎಂಬ ಪುಸ್ತಕದ್ದೇ ಪ್ರಶ್ನೆಯನ್ನು ಅದು ಇನ್ನಷ್ಟು ಚೂಪಾಗಿ ಕೇಳುತ್ತದೆ. ಪುಸ್ತಕದಲ್ಲಿ ಇಲ್ಲದಿದ್ದರೂ ಪುಸ್ತಕಕ್ಕೆ ಸೇರಿದ ಸನ್ನಿವೇಶ ಇದು.

ಅದೇ ಸಿನಿಮಾ ಪೀಟರ್‌ನ ತಂಗಿ ಸೂಸನ್ ಮತ್ತು ಕ್ಯಾಸ್ಪಿಯನ್ ನಡುವೆ ಒಂದು ಪ್ರೇಮದ ಎಳೆಯನ್ನೂ ಹಾಕಿ ವಿದಾಯದ ಹೊತ್ತಿನಲ್ಲಿ ಮುತ್ತು ಕೊಡಿಸುತ್ತದೆ. ಇದನ್ನು ತೆಗೆದುಹಾಕಿದರೆ ಏನೂ ಕುಸಿಯುವುದಿಲ್ಲ. ಆ ಎಳೆ ಯಾರ ನಿರ್ಧಾರವನ್ನೂ ಬದಲಿಸುವುದಿಲ್ಲ, ಯಾವ ಪ್ರಶ್ನೆಯನ್ನೂ ಕೇಳುವುದಿಲ್ಲ. ಬೇರೆ ಸಿನಿಮಾಗಳಲ್ಲಿ ಇರುತ್ತದೆ ಎಂಬ ಕಾರಣಕ್ಕೆ ಇಲ್ಲೂ ಬಂದು ಕೂತಂತಿದೆ. ಒಂದೇ ಸಿನಿಮಾದ ಎರಡು ಸೇರ್ಪಡೆಗಳು, ಒಂದಕ್ಕೆ ಬೇರಿದೆ, ಒಂದಕ್ಕಿಲ್ಲ.

ಬಿಡಿಬಿಡಿ ಘಟನೆಗಳಿಂದ ಕಟ್ಟಿದ ಪುಸ್ತಕ ಸಿನಿಮಾ ಆದಾಗ ಇನ್ನೊಂದು ಬಗೆಯ ಸೇರ್ಪಡೆ ಕಾಣಿಸುತ್ತದೆ. ನಾರ್ನಿಯಾ ಸಿನಿಮಾಗಳಲ್ಲಿ ಮೂರನೆಯದಾಗಿ 2010ರಲ್ಲಿ ಬಂದ ‘ವಾಯೇಜ್ ಆಫ್ ದಿ ಡಾನ್ ಟ್ರೆಡರ್’ನ ಮೂಲ ಕಾದಂಬರಿ ದ್ವೀಪದಿಂದ ದ್ವೀಪಕ್ಕೆ ಸಾಗುವ ಸಮುದ್ರಯಾನ. ಸಿನಿಮಾ ಆ ದ್ವೀಪಗಳನ್ನೆಲ್ಲ ಏಳು ಖಡ್ಗಗಳ ಹುಡುಕಾಟ ಮತ್ತು ಒಂದು ಹಸಿರು ಮಂಜಿನ ಭಯದಿಂದ ಪೋಣಿಸಿತು. ಎರಡೂ ಪುಸ್ತಕದಲ್ಲಿಲ್ಲ. ಪೋಣಿಸಿದ್ದರಿಂದ ಗುರಿ ಸ್ಪಷ್ಟವಾಯಿತು ನಿಜ. ಮುಂದಿನ ದ್ವೀಪದಲ್ಲಿ ಏನಿದೆಯೋ ಎಂಬ ಕುತೂಹಲದ ಜಾಗಕ್ಕೆ ಮುಂದಿನ ಖಡ್ಗ ಎಲ್ಲಿದೆಯೋ ಎಂಬ ಲೆಕ್ಕ ಬಂತು. ನನಗೆ ಅದು ನಷ್ಟದ ವ್ಯಾಪಾರ ಅನ್ನಿಸುತ್ತದೆ.

ನಟರು

ಸೀಕ್ವೆಲ್ ಬರುವಷ್ಟರಲ್ಲಿ ಮಕ್ಕಳ ದನಿ ಒಡೆದಿರುತ್ತದೆ, ಎತ್ತರ ಬೆಳೆದಿರುತ್ತಾರೆ. ಅದನ್ನು ಸಿನಿಮಾ ಮುಚ್ಚಿಡಲು ನೋಡುತ್ತದೆಯೋ ಬಳಸಿಕೊಳ್ಳುತ್ತದೆಯೋ ಗಮನಿಸಿ. ‘ಅಜ್ಕಬಾನ್’ ನಿರ್ದೇಶಿಸಿದ ಅಲ್ಫಾನ್ಸೋ ಕ್ವಾರೋನ್ ಮೂವರು ಮುಖ್ಯ ಬಾಲನಟರಿಗೆ ಅವರವರ ಪಾತ್ರದ ಬಗ್ಗೆ ಒಂದು ಪ್ರಬಂಧ ಬರೆದು ತರಲು ಹೇಳಿದ್ದರು. ಹ್ಯಾರಿಯ ಓದುಗುಳಿ ಗೆಳತಿ ಹರ್ಮಯೋನಿ ಆಡಿದ ಹುಡುಗಿ ಪುಟಗಟ್ಟಲೆ ಬರೆದು ತಂದಳು, ಓದಿನಲ್ಲಿ ಸೋಮಾರಿಯಾದ ಗೆಳೆಯ ರಾನ್ ಆಡಿದ ಹುಡುಗ ಬರೆಯಲೇ ಇಲ್ಲ. ಇಬ್ಬರೂ ತಮ್ಮ ಪಾತ್ರದಂತೆಯೇ ನಡೆದುಕೊಂಡರು ಎಂದು ಆ ಪ್ರಸಂಗ ಹೆಸರಾಯಿತು. ಆ ಸಿನಿಮಾದ ಮಕ್ಕಳು ಯೂನಿಫಾರ್ಮ್‌ನ ಶರ್ಟ್ ಹೊರಗೆ ಬಿಟ್ಟುಕೊಂಡು ಓಡಾಡುವುದನ್ನು ನೋಡಿದರೆ ಸಾಕು, ಇವರಿಗೆ ಹದಿಮೂರು ತುಂಬಿದೆ ಎಂದು ಯಾರೂ ಹೇಳಬೇಕಾಗಿಲ್ಲ.

ಬಾಲನಟರನ್ನು ಅಳೆಯುವಾಗ ಮಾತಾಡುವವನನ್ನು ಬಿಟ್ಟು ಕೇಳಿಸಿಕೊಳ್ಳುತ್ತಿರುವವನ ಮುಖ ನೋಡಿ. ಸಂಭಾಷಣೆಯನ್ನು ಹೇಳಿಕೊಟ್ಟು ಒಪ್ಪಿಸಬಹುದು, ಕೇಳಿಸಿಕೊಳ್ಳುವುದನ್ನು ಹಾಗೆ ಒಪ್ಪಿಸಲಾಗದು. ‘ಕ್ಯಾಸ್ಪಿಯನ್’ನಲ್ಲಿ ಕಂದರದ ಅಂಚಿನಲ್ಲಿ ನಾಲ್ವರಲ್ಲಿ ಕಿರಿಯಳಾದ ಲೂಸಿಯೊಬ್ಬಳಿಗೇ ಸಿಂಹ ಕಂಡಾಗ, ಉಳಿದವರು ನಂಬದಿದ್ದಾಗ, ಅವಳ ಮುಖದಲ್ಲಿ ಕೋಪವಿದೆಯೇ ನೋವಿದೆಯೇ ಎನ್ನುವುದರ ಮೇಲೆ ಆ ಇಡೀ ಕಥೆ ನಿಂತಿದೆ.

ನಟ ಬದಲಾದರೆ ಹಳಬನ ನಕಲು ಹುಡುಕಬೇಡಿ. ಹ್ಯಾರಿಯ ಶಾಲೆಯ ಮುಖ್ಯಸ್ಥ ಡಂಬಲ್‌ಡೋರ್ ಪಾತ್ರ ಮಾಡಿದ್ದ ರಿಚರ್ಡ್ ಹ್ಯಾರಿಸ್ 2002ರಲ್ಲಿ ತೀರಿಕೊಂಡ ಮೇಲೆ ಆ ಜಾಗಕ್ಕೆ ಮೈಕಲ್ ಗ್ಯಾಂಬನ್ ಬಂದರು. ನಡಿಗೆ, ದನಿ ಎರಡೂ ಬೇರೆ. ಉಳಿದ ಪಾತ್ರಗಳು ಅವರನ್ನು ಅದೇ ನಂಬಿಕೆಯಿಂದ ನೋಡುತ್ತವೆಯೇ ಎಂಬುದು ನಿಜವಾದ ಅಳತೆಗೋಲು.

ಪಾತ್ರದ ವಯಸ್ಸನ್ನೂ ವಿಚಾರಿಸಿ. ಪುಸ್ತಕದ ಕ್ಯಾಸ್ಪಿಯನ್ ಇನ್ನೂ ಹುಡುಗ, ಸಿನಿಮಾದವನು ಬೆಳೆದ ಯುವಕ. ಹಾಗಾಗಿ ಪೀಟರ್ ಜೊತೆ ಪೈಪೋಟಿ ಹುಟ್ಟಲು ಸಾಧ್ಯವಾಯಿತು. ಕದ್ದುಮುಚ್ಚಿ ಹಳೆಯ ಕಾಲದ ಕಥೆ ಕೇಳುತ್ತಾ ಬೆಳೆದ ಒಂಟಿ ಹುಡುಗನ ಎಳೆತನ ಹಿಂದೆ ಸರಿಯಿತು.

ಗ್ರಾಫಿಕ್ಸ್ ಮತ್ತು ಸಂಗೀತ

‘ಗ್ರಾಫಿಕ್ಸ್ ಚೆನ್ನಾಗಿದೆ’ ಎಂಬ ಮಾತಿನಿಂದ ಓದುಗನಿಗೆ ಏನೂ ದಕ್ಕುವುದಿಲ್ಲ. ಮೂರು ಜಾಗ ನೋಡಿ. ಪ್ರಾಣಿಯ ಪಾದ ನೆಲಕ್ಕೆ ತಾಗುವಲ್ಲಿ ಹುಲ್ಲು ಬಾಗುತ್ತದೆಯೇ, ಧೂಳು ಏಳುತ್ತದೆಯೇ? ನಟ ಅದನ್ನು ಮುಟ್ಟುವಾಗ ಕೈ ಸರಿಯಾಗಿ ತುಪ್ಪಳದ ಮೇಲೆ ಕೂರುತ್ತದೆಯೇ? ಅದರ ಕಣ್ಣು ಎದುರಿಗಿರುವವನನ್ನೇ ನೋಡುತ್ತಿದೆಯೇ, ಅವನ ಭುಜದಾಚೆ ನೋಡುತ್ತಿದೆಯೇ? ಇಷ್ಟು ಸರಿ ಇದ್ದರೆ ಭಾರ ಬರುತ್ತದೆ, ಭಾರ ಬಂದರೆ ನಂಬಿಕೆ ಬರುತ್ತದೆ.

ಅದಕ್ಕಿಂತ ಮುಖ್ಯ, ಆ ಪ್ರಾಣಿಗೆ ಏನಾದರೂ ಬೇಕಿದೆಯೇ ಎಂಬುದು. ಕ್ಯಾಸ್ಪಿಯನ್‌ನ ಸೇನೆಯಲ್ಲಿರುವ ಇಲಿ ರೀಪಿಚೀಪ್ ಕಂಪ್ಯೂಟರಿನಲ್ಲಿ ಹುಟ್ಟಿದ್ದು. ಯುದ್ಧದಲ್ಲಿ ಬಾಲ ಕಳೆದುಕೊಂಡ ಅವನು ಸಿಂಹದ ಮುಂದೆ ನಿಂತು ತನ್ನ ಮಾನದ ಮಾತಾಡುತ್ತಾನೆ. ನಾಯಕನಿಗಿಲ್ಲದ ಬಾಲ ನಮಗೂ ಬೇಡ ಎಂದು ಅವನ ಹಿಂಬಾಲಕ ಇಲಿಗಳೆಲ್ಲ ಕತ್ತಿ ಹಿರಿದು ತಮ್ಮ ಬಾಲ ಕತ್ತರಿಸಿಕೊಳ್ಳಲು ಸಿದ್ಧವಾಗುತ್ತವೆ. ಪುಸ್ತಕದ ಈ ಪ್ರಸಂಗ ಸಿನಿಮಾದಲ್ಲೂ ಇದೆ. ಆ ಗಳಿಗೆಯಲ್ಲಿ ತುಪ್ಪಳದ ಗುಣಮಟ್ಟವನ್ನು ಯಾರೂ ನೋಡುತ್ತಿರುವುದಿಲ್ಲ.

ಸಂಗೀತದಲ್ಲಿ ಒಂದನ್ನು ಹಿಡಿದುಕೊಂಡರೆ ಸಾಕು: ಮೊದಲ ಸಿನಿಮಾದ ರಾಗ ಎಲ್ಲಿ ಮರಳುತ್ತದೆ? ಪಾತ್ರಗಳೇ ಹಳೆಯದನ್ನು ನೆನೆಯುವ ಜಾಗದಲ್ಲಿ ಬಂದರೆ ಅದು ಸಹಜ. ಸನ್ನಿವೇಶ ತಾನಾಗಿ ಹುಟ್ಟಿಸಲಾರದ ಭಾವವನ್ನು ಸಾಲ ತರಲು ಬಂದಿದ್ದರೆ ಕಿವಿಗೆ ಗೊತ್ತಾಗುತ್ತದೆ.

ಕತ್ತಲೆಯನ್ನು ಹೊಗಳುವ ಮೊದಲು

ಸೀಕ್ವೆಲ್‌ಗಳ ಬಗ್ಗೆ ಒಂದು ಹೊಗಳಿಕೆ ಪದೇ ಪದೇ ಕೇಳಿಬರುತ್ತದೆ: ಇದು ಮೊದಲನೆಯದಕ್ಕಿಂತ ಹೆಚ್ಚು ಡಾರ್ಕ್, ಆದ್ದರಿಂದ ಹೆಚ್ಚು ಪ್ರೌಢ. ಈ ಮಾತನ್ನು ಯೋಚಿಸದೆ ಬಳಸಬೇಡಿ ಎಂದು ಕೇಳಿಕೊಳ್ಳುತ್ತೇನೆ. ಬಣ್ಣ ಮಾಸಿದರೆ, ಸಾವು ಹೆಚ್ಚಾದರೆ, ಯಾರೂ ನಗದಿದ್ದರೆ ಸಿನಿಮಾ ದೊಡ್ಡದಾಗುವುದಿಲ್ಲ. ಮಕ್ಕಳ ಕಾದಂಬರಿಗಳಲ್ಲಿ ಭಯ ಮೊದಲಿಂದಲೂ ಇದೆ, ಆ ಭಯ ನಿಜವಾದದ್ದೇ. ಅದರ ಪಕ್ಕದಲ್ಲಿ ಸಂತೋಷವೂ ಅಷ್ಟೇ ನಿಜವಾಗಿ ಇರುತ್ತದೆ, ಅದನ್ನು ಬರೆಯುವುದು ಭಯವನ್ನು ಬರೆಯುವುದಕ್ಕಿಂತ ಕಷ್ಟ.

‘ಪ್ರಿನ್ಸ್ ಕ್ಯಾಸ್ಪಿಯನ್’ ಪುಸ್ತಕದ ಕೊನೆಯಲ್ಲಿ ಗೆಲುವಿಗೆ ಎರಡು ಮುಖಗಳಿವೆ. ಒಂದು ಕಡೆ ಪೀಟರ್ ಶತ್ರು ರಾಜನ ಜೊತೆ ಒಂಟಿ ಕಾಳಗಕ್ಕೆ ಇಳಿಯುತ್ತಾನೆ. ಇನ್ನೊಂದು ಕಡೆ ಸಿಂಹ ಊರುಗಳ ಮೂಲಕ ಮೆರವಣಿಗೆ ಹೊರಡುತ್ತದೆ. ಜೊತೆಗೆ ದ್ರಾಕ್ಷಿಯ ದೇವತೆ ಬ್ಯಾಕಸ್, ಕುಣಿಯುವ ಹುಡುಗಿಯರು. ಹಬ್ಬಿದ ಬಳ್ಳಿಗಳು ಸೇತುವೆಯನ್ನು ಕೆಡವಿ ನದಿಯನ್ನು ಬಿಡಿಸುತ್ತವೆ, ಸುಳ್ಳು ಇತಿಹಾಸದ ಪಾಠ ಕೇಳುತ್ತಾ ಕೂತಿದ್ದ ಶಾಲೆಯ ಹುಡುಗಿಯೊಬ್ಬಳು ಎದ್ದು ಬಂದು ಕುಣಿತಕ್ಕೆ ಸೇರಿಕೊಳ್ಳುತ್ತಾಳೆ. ನಾಡು ಬಿಡುಗಡೆಯಾಗುವುದು ಎಂದರೆ ಲೂಯಿಸ್‌ಗೆ ಇದು: ಮರೆತ ಸಂತೋಷ ಬೀದಿಗೆ ಮರಳುವುದು. ಸಿನಿಮಾ ಕಾಳಗವನ್ನು ಹಿಗ್ಗಿಸಿತು, ನದಿ ಉಕ್ಕುವುದನ್ನು ಉಳಿಸಿಕೊಂಡಿತು, ಮೆರವಣಿಗೆಯನ್ನು ಪೂರ್ತಿ ಬಿಟ್ಟಿತು. ಆ ಸಿನಿಮಾದ ದೊಡ್ಡ ನಷ್ಟ ಯಾವುದು ಎಂದು ಕೇಳಿದರೆ ನಾನು ಮುತ್ತಿನ ಹೆಸರು ಹೇಳುವುದಿಲ್ಲ, ಈ ಕುಣಿತದ ಹೆಸರು ಹೇಳುತ್ತೇನೆ. ಯಾವುದಕ್ಕಾಗಿ ಹೋರಾಡಿದರು ಎಂಬುದನ್ನು ತೋರಿಸದೆ ಹೋರಾಟವನ್ನು ಮಾತ್ರ ತೋರಿಸಿದಂತಾಯಿತು.

ನೀವು ನೋಡುವ ಸೀಕ್ವೆಲ್ ಯಾವುದೇ ಆಗಿರಲಿ, ಹೊರಬಂದ ಮೇಲೆ ಹೀಗೆ ಕೇಳಿಕೊಳ್ಳಿ: ಈ ಲೋಕದಲ್ಲಿ ಬದುಕಬೇಕು ಅನ್ನಿಸುವಂಥದ್ದು ಏನಾದರೂ ತೋರಿಸಿದರೇ? ಊಟ, ಆಟ, ಗೆಳೆತನ, ಸುಮ್ಮನೆ ಕೂತ ಒಂದು ಸಂಜೆ? ಅದಿಲ್ಲದಿದ್ದರೆ ಲೋಕವನ್ನು ಉಳಿಸಬೇಕು ಎಂಬ ಆತಂಕ ನೋಡುಗನಿಗೆ ತಟ್ಟುವುದಾದರೂ ಹೇಗೆ?

ಕೊನೆ ಕೊನೆಯೇ?

ಸರಣಿ ಮುಂದುವರಿಯಬಹುದು, ಆದರೂ ಈ ಸಿನಿಮಾಕ್ಕೆ ತನ್ನದೇ ಮುಕ್ತಾಯ ಇರಬೇಕು. ‘ಕ್ಯಾಸ್ಪಿಯನ್’ ಇಲ್ಲಿ ಗೆಲ್ಲುತ್ತದೆ. ಪೀಟರ್ ಮತ್ತು ಸೂಸನ್ ಇನ್ನು ಇಲ್ಲಿಗೆ ಮರಳುವುದಿಲ್ಲ ಎಂದು ತಿಳಿದು ಹೊರಡುತ್ತಾರೆ, ದೊಡ್ಡಸ್ತಿಕೆ ಹುಡುಕಿ ಬಂದ ಹುಡುಗ ಅದನ್ನು ತಾನಾಗಿ ಬಿಟ್ಟುಕೊಡುತ್ತಾನೆ. ಮುಂದಿನದಕ್ಕೆ ಉಳಿಸಿಕೊಳ್ಳುವ ಆಸೆ ಎಷ್ಟು ಅಪಾಯ ಎಂಬುದಕ್ಕೆ 2007ರ ‘ದಿ ಗೋಲ್ಡನ್ ಕಂಪಾಸ್’ ಸಾಕ್ಷಿ. ಅದು ಮೊದಲ ಭಾಗವೇ, ಆದರೂ ಪಾಠ ಇಲ್ಲಿಗೆ ಹೊಂದುತ್ತದೆ. ಪುಸ್ತಕದ ಕೊನೆಯ ಕಠೋರ ಘಟನೆಗಳನ್ನು ಎರಡನೇ ಸಿನಿಮಾಕ್ಕೆಂದು ಎತ್ತಿಟ್ಟರು. ಎರಡನೇ ಸಿನಿಮಾ ಬರಲೇ ಇಲ್ಲ.

ಮಗುವನ್ನು ಕೇಳಿ, ಆಮೇಲೆ ಬರೆಯಿರಿ

‘ಚೆನ್ನಾಗಿತ್ತಾ?’ ಎಂದರೆ ಯಾವ ಮಗುವಾದರೂ ‘ಹೂಂ’ ಅನ್ನುತ್ತದೆ. ‘ಎಲ್ಲಿ ಬೇಜಾರಾಯಿತು?’, ‘ಯಾರ ಮೇಲೆ ಸಿಟ್ಟು ಬಂತು?’, ‘ಅರ್ಥವಾಗದ್ದು ಯಾವುದು?’, ‘ನೀನಾಗಿದ್ದರೆ ಬಾಗಿಲು ತೆರೆಯುತ್ತಿದ್ದೆಯಾ?’ ಎಂದು ಕೇಳಿ. ಉತ್ತರವನ್ನು ತಿದ್ದಬೇಡಿ. ನಿಮಗೆ ಗೊಂದಲ ಅನ್ನಿಸಿದ ಜಾಗ ಅವರಿಗೆ ಸಲೀಸಾಗಿ ಹೋಗಿರಬಹುದು, ಆಗ ಆ ಗೊಂದಲ ಪುಸ್ತಕ ಓದಿದವರಿಗೆ ಮಾತ್ರ ಇರುವಂಥದ್ದು ಎಂದು ಲೆಕ್ಕ.

ಕಲೆಕ್ಷನ್ ಅಂಕಿಗಳನ್ನು ತೀರ್ಪಿನ ಒಳಗೆ ಬಿಟ್ಟುಕೊಳ್ಳಬೇಡಿ. ನಾರ್ನಿಯಾದ ಮೊದಲ ಸಿನಿಮಾ ಪ್ರಪಂಚದಾದ್ಯಂತ ಸುಮಾರು 74 ಕೋಟಿ ಡಾಲರ್ ಗಳಿಸಿತು, ಎರಡನೆಯದು ಸುಮಾರು 42 ಕೋಟಿ. ಮೂರನೆಯದರ ಹೊತ್ತಿಗೆ ಡಿಸ್ನಿ ಹಿಂದೆ ಸರಿದು ಫಾಕ್ಸ್ ಬಂತು. ಸರಣಿ ಮುಂದುವರಿಯುತ್ತದೆಯೋ ಇಲ್ಲವೋ ಎಂದು ತಿಳಿಯಲು ಈ ಅಂಕಿಗಳು ಬೇಕು. ಗೇಟಿನ ಬಳಿಯ ಆ ಸೋಲಿನ ಸನ್ನಿವೇಶ ಎಷ್ಟು ಗಟ್ಟಿಯಾಗಿದೆ ಎಂದು ಅವು ಹೇಳಲಾರವು.

ಬರೆಯಲು ಕೂತಾಗ ಸಿನಿಮಾಕ್ಕೆ ಮೊದಲು ಬರೆದಿಟ್ಟ ಹಾಳೆಯನ್ನು ಹೊರತೆಗೆಯಿರಿ. ಆ ಒಂದು ವಾಕ್ಯಕ್ಕೆ ಸಿನಿಮಾ ಏನು ಉತ್ತರ ಕೊಟ್ಟಿತು ಎಂಬುದರಿಂದ ಶುರು ಮಾಡಿ. ಗೆದ್ದ ಒಂದು ಬದಲಾವಣೆ, ಸೋತ ಒಂದು ಬದಲಾವಣೆ, ಎರಡನ್ನೂ ಕಣ್ಣಿಗೆ ಕಟ್ಟುವಂತೆ ಬಿಡಿಸಿ. ಹತ್ತು ವ್ಯತ್ಯಾಸಗಳ ಪಟ್ಟಿಗಿಂತ ಈ ಎರಡರ ತೂಕ ಹೆಚ್ಚು. ಪುಸ್ತಕ ಓದಿದವರಿಗೆ ಹೇಗೆ, ಓದದವರಿಗೆ ಹೇಗೆ ಎಂದು ಬೇರೆಬೇರೆಯಾಗಿ ಹೇಳಿ, ಎರಡನ್ನೂ ಕಲಸಿ ಒಂದು ಸ್ಟಾರ್ ರೇಟಿಂಗ್ ಕೊಟ್ಟರೆ ಇಬ್ಬರಿಗೂ ಉಪಯೋಗವಿಲ್ಲ. ಎಷ್ಟು ವಯಸ್ಸಿನ ಮಕ್ಕಳಿಗೆ ಯಾವ ದೃಶ್ಯ ಭಯ ತರಬಹುದು ಎಂಬುದನ್ನು ಒಂದು ಸಾಲಿನಲ್ಲಾದರೂ ಸೇರಿಸಿ, ಅಪ್ಪ ಅಮ್ಮಂದಿರು ಮೊದಲು ಹುಡುಕುವುದು ಅದನ್ನೇ. ಕೊನೆಯ ತಿರುವನ್ನು ಮಾತ್ರ ಬಯಲು ಮಾಡಬೇಡಿ. ಪುಸ್ತಕ ಎಷ್ಟೇ ಹಳೆಯದಿರಲಿ, ಎಂಟು ವರ್ಷದ ಮಗುವಿಗೆ ಅದು ಹೊಸದು. ಹೇಳದೆ ವಾದ ನಿಲ್ಲುವುದಿಲ್ಲ ಎಂದಾದರೆ ಮೊದಲೇ ಎಚ್ಚರಿಕೆ ಕೊಟ್ಟು, ಪ್ರತ್ಯೇಕ ಪ್ಯಾರಾದಲ್ಲಿ ಬರೆಯಿರಿ.